ಖಡಕ್ ಬಿಯರು, ಸಿಂದಿ ಮತ್ತು ಮೊಳಕೆ ಜೋಳ



ಹೈದರಾಬಾದಿಗೆ ದುಡಿಯಲು ಹೋಗಿ ಬರುವ ನಮ್ಮ ಯುವಕರು ಆಗಾಗ ಕೇಳುವುದುಂಟು: ಜೋಳ, ಬೆಲ್ಲ ಎರಡೂ ಮನೆಯಲ್ಲಿರುವಾಗ ಖಡಕ್ ಬಿಯರನ್ನು ನಾವೇ ಏಕೆ ಮಾಡಿಕೊಳ್ಳಬಾರದು? ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ತೆಲಂಗಾಣದ 1968ರ ಅಬಕಾರಿ ಕಾಯಿದೆಯಂತೆ ಅಪರಾಧ. ಆದುದರಿಂದ ಅದರ ಅಳತೆ-ಪ್ರಮಾಣವನ್ನು ನಾವು ಕೊಡುವುದಿಲ್ಲ. ಆದರೆ ಹುದುಗು ಬರುವ ಬಗೆ ಮಾತ್ರ ಪ್ರತಿ ರೈತ ಕುಟುಂಬಕ್ಕೂ ತಿಳಿದಿರಬೇಕು.

ಧಾನ್ಯದಲ್ಲಿರುವುದು ಪಿಷ್ಟ. ಅದು ಮೊಳೆತಾಗ ಪಿಷ್ಟವನ್ನು ಸಕ್ಕರೆ ಮಾಡುವ ಶಕ್ತಿ ಹುಟ್ಟುತ್ತದೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಅರ್ಧದಷ್ಟನ್ನು ಮದ್ಯಸಾರವಾಗಿ, ಉಳಿದದ್ದನ್ನು ಗಾಳಿಯಾಗಿ ಬಿಡುತ್ತದೆ. ಒಂದು ಲೀಟರಿನಲ್ಲಿ ಶೇ. 1ರಷ್ಟು ಮದ್ಯಸಾರ ಬರಲು ಸುಮಾರು 17 ಗ್ರಾಂ ಸಕ್ಕರೆ ಬೇಕು. ಹೀಗಾಗಿ ಒಂದು ಕಿಲೋ ಧಾನ್ಯವನ್ನು ಹತ್ತು ಲೀಟರ್ ನೀರಿಗೆ ಹಾಕಿದರೆ ಶೇ. 3ರ ಆಸುಪಾಸಿಗಿಂತ ಮೇಲೇರದು. ಬೆಲ್ಜಿಯಂನ ವೆಸ್ಟ್‌ಮಾಲೆ ಮಠದ ಸನ್ಯಾಸಿಗಳ 'ಟ್ರಿಪೆಲ್' ಬಿಯರು ಶೇ. 9.5ಕ್ಕೆ ಏರುವುದೂ ಹೆಚ್ಚು ಮಾಲ್ಟು, ಸಕ್ಕರೆ ಮತ್ತು ವಾರಗಟ್ಟಲೆಯ ತಾಳ್ಮೆಯಿಂದಲೇ. (ತಮ್ಮ ಊಟದ ಮೇಜಿಗೆ ಅವರು ಇದರರ್ಧದಷ್ಟು ಸೌಮ್ಯವಾದದ್ದನ್ನೇ ಇಟ್ಟುಕೊಳ್ಳುತ್ತಾರೆ!) ಬಿಯರಿನ ಯೀಸ್ಟಿಗೆ 20 ಡಿಗ್ರಿಯ ತಂಪು ಹಿತ. ನಮ್ಮ 40 ಡಿಗ್ರಿಯ ಬೇಸಿಗೆಯಲ್ಲಿ ಅದು ಬಳಲಿ, ತಲೆ ಸಿಡಿಯುವಂತೆ ಮಾಡುವ ಬೇರೆ ಮದ್ಯಸಾರಗಳನ್ನು ಬಿಡುತ್ತದೆ. ಆ ತಲೆನೋವನ್ನೇ ನಮ್ಮವರು 'ಖಡಕ್' ಎಂದು ತಿಳಿಯುತ್ತಾರೆ.

ಸಿಂದಿಯ ವಿಷಯದಲ್ಲಿ ಈ ತಪ್ಪು ತಿಳಿವಳಿಕೆ ಪ್ರಾಣಕ್ಕೇ ಬರುತ್ತದೆ. ಮರದಿಂದ ಇಳಿಸಿದ ನೀರಾ ಕೆಲವೇ ಗಂಟೆಗಳಲ್ಲಿ ಹುದುಗಿ ಶೇ. 4-5ರಷ್ಟಾಗುತ್ತದೆ. ಒಂದೇ ಸೀಸೆಗೆ ಆಳನ್ನು ಕೆಡವುವುದು ಸಿಂದಿಯಲ್ಲ, ಅದಕ್ಕೆ ಬೆರೆಸಿದ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್‌ಪ್ರಜೋಲಾಮ್‌ನಂತಹ ನಿದ್ದೆಯ ಔಷಧಗಳು. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸಿಂದಿ ಕುಡಿದವರು ಸತ್ತದ್ದನ್ನು ನೀವೆಲ್ಲ ಕೇಳಿದ್ದೀರಿ. ಇಂತಹದನ್ನು ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ನಿದ್ದೆಗೇಡು, ಭ್ರಮೆ, ಫಿಟ್ಸ್ ಬರುತ್ತವೆ. ಸಾವೂ ಬರಬಹುದು. ತಪಸ್ಸುಕಾಲದ ಹರಕೆಯೆಂದು ಬೂದಿ ಬುಧವಾರದಂದೇ ಬಿಟ್ಟುಬಿಡುವವರು ಇದನ್ನು ಗಮನಿಸಬೇಕು. ಹರಕೆ ಒಳ್ಳೆಯದೇ, ಆದರೆ ವೈದ್ಯರ ಸಲಹೆಯಂತೆ ಬಿಡಿರಿ. ಫಿಟ್ಸ್ ಬಂದವನನ್ನು ದೆವ್ವ ಹಿಡಿದಿದೆಯೆಂದು ಗುಡಿಗೆ ಕರೆತರಬೇಡಿರಿ. ಪ್ರಾರ್ಥನೆ ನಾವು ಖಂಡಿತ ಮಾಡುತ್ತೇವೆ, ಮೊದಲು ನಾರಾಯಣಖೇಡದ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಕುಡಿತ ಬಿಡಿಸುವ ಚಿಕಿತ್ಸೆ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆರೋಗ್ಯ ಆಸ್ಪತ್ರೆಯಲ್ಲಿ ಇದೆ.

ಇನ್ನು, ಬಿಯರಿಗೆ ಬೇಕಾದ ಮಾಲ್ಟೇ ನಮ್ಮ ಮಕ್ಕಳಿಗೆ ಒಳ್ಳೆಯ ಆಹಾರ. ಬಿಳಿ ಜೋಳವನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಮೊಳೆಯಲು ಬಿಡಿರಿ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು-ಮೊಳಕೆಗಳನ್ನು ಪೂರ್ತಿ ಉದುರಿಸಿ ಕೇರಿರಿ. ಈ ಕೆಲಸ ಬಿಡುವಂತಿಲ್ಲ. ಎಳೆ ಜೋಳದ ಬೆಳೆ ಮೇಯ್ದ ದನ ಹೊಟ್ಟೆಯುಬ್ಬಿ ಏದುಸಿರು ಬಿಟ್ಟು ಸಾಯುವುದು ಯಾವ ಸಯನೈಡ್ ವಿಷದಿಂದಲೋ ಅದೇ ಈ ಮೊಳಕೆಯಲ್ಲೂ ಇದೆ. ಹೆಸರುಕಾಳಿನ ಮೊಳಕೆಯಂತೆ ಜೋಳದ ಮೊಳಕೆಯನ್ನು ಹಸಿಯಾಗಿ ಯಾರೂ ತಿನ್ನಬಾರದು. ಕೇರಿದ ಕಾಳನ್ನು ಸ್ವಲ್ಪವೇ ಹುರಿದು ಬೀಸಿಟ್ಟುಕೊಳ್ಳಿರಿ. ಆರು ತಿಂಗಳು ದಾಟಿದ ಕೂಸಿನ ಗಟ್ಟಿ ಗಂಜಿ ಬಿಸಿಯಿರುವಾಗ ಒಂದು ಚಮಚ ಈ ಹಿಟ್ಟು ಕಲಸಿದರೆ ಅದು ತೆಳ್ಳಗಾಗುತ್ತದೆ. ಬಳಿಕ ಪಾತ್ರೆಯ ಬಾಯಿ ತೆರೆದಿಟ್ಟು ಮತ್ತೆ ಚೆನ್ನಾಗಿ ಕುದಿಸಿರಿ. ನೀರು ಬೆರೆಸದೆಯೇ ಗಂಜಿ ತೆಳುವಾಗುವುದರಿಂದ ಕೂಸಿನ ಪುಟ್ಟ ಹೊಟ್ಟೆಗೆ ಹೆಚ್ಚು ಧಾನ್ಯ ಸೇರುತ್ತದೆ.

ದೊಡ್ಡವರಿಗೆ ಅಂಬಲಿಯಿದೆ. ಜೋಳದ ಹಿಟ್ಟು ಕಾಸಿ, ಉಗುರುಬೆಚ್ಚಗಾದ ಮೇಲೆ ನಿನ್ನೆಯ ಅಂಬಲಿ ಒಂದು ಚಮಚ ಹಾಕಿ ಮುಚ್ಚಿಡಿರಿ. ಮಣ್ಣಿನ ಅಥವಾ ಸ್ಟೀಲಿನ ಪಾತ್ರೆಯಾಗಲಿ, ಕಲಾಯಿಯಿಲ್ಲದ ಹಿತ್ತಾಳೆ ಬೇಡ. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು, ಚಳಿಗಾಲದಲ್ಲಿ ಒಲೆಯ ಪಕ್ಕ ಇಡಿರಿ. ಮೇಲೆ ಬೂಷ್ಟು ಕಟ್ಟಿದರೆ ಕೆನೆಯಂತೆ ತೆಗೆದು ಉಳಿದದ್ದನ್ನು ಕುಡಿಯುವ ರೂಢಿ ಕೆಲವರಲ್ಲಿದೆ. ಹಾಗೆ ಮಾಡದೆ ಎಲ್ಲವನ್ನೂ ಚೆಲ್ಲಿ ಪಾತ್ರೆಯನ್ನು ಕುದಿನೀರಿನಿಂದ ತೊಳೆಯಿರಿ.