ಮನೋರೋಗ, ವಂಶವೃಕ್ಷ ಮತ್ತು ಮದುವೆಯ ಮಾತುಕತೆ

ಉತ್ತರ ಕರ್ನಾಟಕದಲ್ಲಿ ಯಾರಾದರೂ ಅಸಂಬದ್ಧವಾಗಿ ಮಾತನಾಡಿದರೆ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದು ನಗೆಯಾಡುವುದುಂಟು. ಆ ಕಡೆಯಿಂದ ಬಂದು ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದವರಿಗೆ ಅದೇ ಮಾತು ಮರಾಠಿಯಲ್ಲಿ ಕೇಳಿಬರುತ್ತದೆ. ಊರಿನ ಹೆಸರು ಮಾತ್ರ ಠಾಣೆ ಎಂದು ಬದಲಾಗಿರುತ್ತದೆ. 1901ರಲ್ಲಿ ಸ್ಥಾಪಿತವಾದ ಅಲ್ಲಿನ ಮನೋರುಗ್ಣಾಲಯವೇ ಇದಕ್ಕೆ ಕಾರಣ. ಈ ನಗೆಯಲ್ಲಿ ಪಾಲುಗೊಳ್ಳಲಾರದೆ ತಲೆ ತಗ್ಗಿಸುವ ಮನೆಗಳೂ ಇವೆ.

ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಡೊಂಬಿವಲಿಯ ಹುಡುಗಿಗೆ ಐರೋಲಿಯಿಂದ ಒಳ್ಳೆಯ ಸಂಬಂಧ ಬಂದಿದೆ; ಜಾತಕವೂ ಕೂಡಿದೆ. ಆದರೆ ಆಕೆಯ ಚಿಕ್ಕಪ್ಪನವರು ಇಪ್ಪತ್ತೆರಡರ ವಯಸ್ಸಿನಿಂದ ಸ್ಕಿಜೋಫ್ರೇನಿಯಾ ರೋಗಿ. ಹೇಳಿದರೆ ಸಂಬಂಧ ತಪ್ಪೀತು, ಮುಚ್ಚಿಟ್ಟರೆ ಮುಂದೆ ಬಯಲಾದೀತು. ನಿಶ್ಚಿತಾರ್ಥದ ದಿನ ಅವರನ್ನು ಊರಿಗೆ ಕಳಿಸಿಬಿಡೋಣವೆಂದು ಹಿರಿಯರ ಆಲೋಚನೆ. ಹುಡುಗಿಯ ಮನಸ್ಸಿನ ಪ್ರಶ್ನೆಯೇ ಬೇರೆ: ‘ಇದು ನನಗೂ ಬಂದೀತೆ? ನನ್ನ ಮಕ್ಕಳಿಗೆ?’ ಆ ಪ್ರಶ್ನೆಯನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳುವ ಕ್ರಮಕ್ಕೆ ಆನುವಂಶಿಕ ಸಮಾಲೋಚನೆ ಎಂದು ಹೆಸರು.

ಸಮಾಲೋಚಕರು ಮೊದಲು ಮೂರು ತಲೆಮಾರಿನ ವಂಶವೃಕ್ಷವನ್ನು ಬರೆಯುತ್ತಾರೆ. ಯಾರಿಗೆ, ಎಷ್ಟನೆಯ ವಯಸ್ಸಿನಲ್ಲಿ, ಯಾವ ಕಾಯಿಲೆ; ಆತ್ಮಹತ್ಯೆ, ಮದ್ಯಪಾನದ ಚಟ ಇದ್ದವೇ; ಸೋದರಮಾವ ಅಥವಾ ಅತ್ತೆಯ ಮಗನೊಡನೆ ಮದುವೆಗಳಾಗಿವೆಯೇ ಎಂದು ವಿಚಾರಿಸುತ್ತಾರೆ. ಕಡೆಯ ಪ್ರಶ್ನೆ ಕನ್ನಡಿಗರ ಮಟ್ಟಿಗೆ ಮುಖ್ಯವಾದುದು. ರಕ್ತಸಂಬಂಧದ ಮದುವೆಯಲ್ಲಿ ಒಂದೇ ಮನೆತನದ ವಂಶವಾಹಿಗಳು ಎರಡು ಕಡೆಯಿಂದಲೂ ಮಗುವಿಗೆ ಬರಬಹುದು.

ಅನಂತರ ಅಂಕಿಗಳು. ಐರ್ವಿಂಗ್ ಗಾಟ್ಸ್‌ಮನ್ ಎಂಬ ವಿದ್ವಾಂಸರು ಯುರೋಪಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 1991ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಜನಸಾಮಾನ್ಯರಲ್ಲಿ ಸ್ಕಿಜೋಫ್ರೇನಿಯಾ ಬರುವ ಸಂಭವ ನೂರಕ್ಕೆ 1. ರೋಗಿಯ ಒಡಹುಟ್ಟಿದವರಲ್ಲಿ ಸುಮಾರು 9, ಮಕ್ಕಳಲ್ಲಿ ಸುಮಾರು 13, ಅಣ್ಣತಮ್ಮಂದಿರ ಮಕ್ಕಳಲ್ಲಿ ಸುಮಾರು 4. ಎಂದರೆ ಈ ಹುಡುಗಿಯಂಥವರು ನೂರು ಮಂದಿ ಇದ್ದರೆ ತೊಂಬತ್ತಾರು ಮಂದಿಗೆ ಈ ರೋಗ ಬಾರದು. ರೋಗವು ಬಹುಮಟ್ಟಿಗೆ ಮೂವತ್ತರೊಳಗೆ ತಲೆದೋರುವುದರಿಂದ, ಇಪ್ಪತ್ತೆಂಟು ದಾಟಿದವಳ ಪಾಲಿಗೆ ಉಳಿದ ಸಂಭವ ಇನ್ನೂ ಕಡಿಮೆ. ಆಕೆಯ ಮಕ್ಕಳ ಲೆಕ್ಕವಂತೂ ಜನಸಾಮಾನ್ಯರ ಅಂಕಿಗೆ ಮತ್ತಷ್ಟು ಸಮೀಪ.

ಒಂದೇ ವಂಶವಾಹಿಗಳನ್ನು ಹೊತ್ತ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದರೂ ಇನ್ನೊಬ್ಬರಿಗೆ ಬರುವುದು ಸುಮಾರು ಅರ್ಧದಷ್ಟು ಸಲ ಮಾತ್ರ. ವಂಶದಿಂದ ಬರುವುದು ಖಾತೆಯ ಆರಂಭಿಕ ಶಿಲ್ಕು ಇದ್ದಂತೆ. ಮುಂದಿನ ಜಮಾ–ಖರ್ಚು ಬೇರೆ. ಹರೆಯದಲ್ಲಿ ಗಾಂಜಾ ಸೇವನೆ, ಹೆರಿಗೆಯ ವೇಳೆಯ ತೊಡಕು, ತೀವ್ರ ಆಘಾತ ಮೊದಲಾದವು ಅಪಾಯವನ್ನು ಹೆಚ್ಚಿಸುತ್ತವೆ.

ರಕ್ತ ಪರೀಕ್ಷೆಯಿಂದ ಇದನ್ನೆಲ್ಲ ತಿಳಿಯಲಾಗದೇ ಎಂದು ಕೇಳುವವರುಂಟು. ಆಗದು. 2022ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನವು ಈ ರೋಗಕ್ಕೆ ಸಂಬಂಧಿಸಿದ 287 ಸ್ಥಾನಗಳನ್ನು ವಂಶವಾಹಿ ಸಂಕುಲದಲ್ಲಿ ಗುರುತಿಸಿದೆ. ಒಂದೊಂದರ ಪ್ರಭಾವವೂ ಅತ್ಯಲ್ಪ. ವರಪರೀಕ್ಷೆಗೆಂದು ಇಂತಹ ಪರೀಕ್ಷೆ ಮಾಡಿಸಹೊರಡುವುದು ಹಣ ದಂಡ.

ರೋಗಿಯೇ ತಾಯಿಯಾಗಲಿರುವಾಗ ಪ್ರಶ್ನೆ ಬೇರೆಯಾಗುತ್ತದೆ. ವಾಲ್‌ಪ್ರೋಯೇಟ್ ಎಂಬ ಔಷಧ ಗರ್ಭಸ್ಥ ಶಿಶುವಿಗೆ ಅಪಾಯಕರ. ಹಾಗೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿದರೆ ರೋಗ ಮರುಕಳಿಸೀತು. ಗರ್ಭ ನಿಲ್ಲುವ ಮೊದಲೇ ಮನೋವೈದ್ಯರೊಡನೆ ಮಾತನಾಡಿ ಔಷಧ ಬದಲಿಸಿಕೊಳ್ಳುವುದೇ ಸರಿಯಾದ ದಾರಿ.

ಕಾಯಿದೆಯ ಮಾತನ್ನೂ ಇಲ್ಲಿ ಹೇಳಬೇಕು. 1955ರ ಹಿಂದೂ ವಿವಾಹ ಕಾಯಿದೆಯು ವಧೂವರರ ಮಾನಸಿಕ ಸ್ಥಿತಿಯನ್ನು ಕುರಿತು ನಿಬಂಧನೆ ಹಾಕಿದೆ. ಚಿಕ್ಕಪ್ಪನವರ ವಿಷಯದಲ್ಲಿ ಅದು ಮೌನವಾಗಿದೆ. ಮಾನದಂಡವನ್ನು ಅಲ್ಲಿಯವರೆಗೆ ಎಳೆದವರು ಬಂಧುಗಳೇ.

ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ–ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ, ಶುಲ್ಕವಿಲ್ಲ. ಮರಾಠಿಯಲ್ಲಿ ವ್ಯವಹಾರ ನಡೆಸಬಲ್ಲವರಿಗೂ ಇಂತಹ ಮಾತು ತಾಯ್ನುಡಿಯಲ್ಲೇ ಬರುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ, ಒಂದಕ್ಕಿಂತ ಹೆಚ್ಚು ಮಂದಿಗೆ ಮನೋರೋಗವಿರುವ ಕುಟುಂಬಗಳ ಅಧ್ಯಯನವೂ ನಡೆದಿದೆ.

ಸಮಾಲೋಚನೆಗೆ ಹೋಗುವಾಗ ಚಿಕ್ಕಪ್ಪನವರ ಹಳೆಯ ಔಷಧ ಚೀಟಿಗಳು, ಆಸ್ಪತ್ರೆಯ ಕಾಗದಗಳು ಬೇಕಾಗುತ್ತವೆ. ಅವರನ್ನೇ ಕೇಳಿ ಪಡೆಯುವುದು ಒಳ್ಳೆಯದು. ಯಾವ ವರ್ಷ ಯಾವ ಮಾತ್ರೆ, ಯಾವುದರಿಂದ ಕೈ ನಡುಗಿತು, ಯಾವುದರಿಂದ ನಿದ್ದೆ ಬಂದಿತು ಎಂಬುದು ಅವರಿಗೆ ಗೊತ್ತಿರುವಷ್ಟು ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರದು.