ಹೆಬ್ಬೆರಳಿಗೆ ದಕ್ಕುವ ವೆಬ್‌ಸೈಟ್

ಪಹಣಿ ನೋಡುವ ರೈತರು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳು, ಊರಿನ ಬಸ್ಸಿಗೆ ಸೀಟು ಕಾದಿರಿಸುವವರು ಕೈಗೆತ್ತಿಕೊಳ್ಳುವುದು ಮೊಬೈಲನ್ನೇ. ಅವರು ನೋಡುವ ಪುಟಗಳು ತಯಾರಾಗುವುದು ಮಾತ್ರ ದೊಡ್ಡ ಮಾನಿಟರಿನ ಮೇಲೆ, ಆಫೀಸಿನ ವೈಫೈನಲ್ಲಿ. ಮಾಡಿದವರಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬಳಸುವವರಿಗೆ ಅಕ್ಷರ ಕಾಣದು, ಬಟನ್ ಸಿಗದು, ಪುಟ ತೆರೆಯದು. ಕನ್ನಡದಲ್ಲಿ ಸೈಟ್ ಕಟ್ಟುವವರಿಗೂ, ಅಂಗಡಿಗೋ ಶಾಲೆಗೋ ಸಂಘಕ್ಕೋ ಕಟ್ಟಿಸಿಕೊಳ್ಳುವವರಿಗೂ ಕೆಲವು ಸೂತ್ರಗಳು ಇಲ್ಲಿವೆ.

1. ಚಿಕ್ಕ ಪರದೆಯಿಂದ ಶುರು ಮಾಡಿ

ಒಂದೇ ಪುಟ ಎಲ್ಲ ಅಳತೆಯ ಪರದೆಗೂ ಹೊಂದಿಕೊಳ್ಳಬಹುದು ಎಂದು ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರ ಮೇ ತಿಂಗಳಿನ ತಮ್ಮ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಲೇಖನದಲ್ಲಿ ತೋರಿಸಿದರು. ಮರುವರ್ಷ ಲ್ಯೂಕ್ ರೋಬ್ಲೆವ್ಸ್ಕಿ 'ಮೊಬೈಲ್ ಫಸ್ಟ್' ಪುಸ್ತಕದಲ್ಲಿ ವಿನ್ಯಾಸವನ್ನು ಮೊಬೈಲಿನಿಂದಲೇ ಆರಂಭಿಸಿ ಎಂದರು. ಇಂದಿಗೂ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. 360 ಪಿಕ್ಸೆಲ್ ಅಗಲದಲ್ಲಿ ಮೊದಲ ನಕ್ಷೆ ಬರೆಯಿರಿ. ಅಷ್ಟು ಇಕ್ಕಟ್ಟಿನಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸಲೇಬೇಕಾಗುತ್ತದೆ. ಕೊಡಗಿನ ಒಂದು ಹೋಮ್‌ಸ್ಟೇ ಸೈಟಿಗೆ ಬಂದವರಿಗೆ ದರ, ಕೋಣೆಯ ಫೋಟೊ, ದಾರಿ, ಫೋನ್ ನಂಬರ್ ಬೇಕು. 'ನಮ್ಮ ಧ್ಯೇಯೋದ್ದೇಶ' ಆಮೇಲೆ ಬರಲಿ. ಪರದೆ ದೊಡ್ಡದಾದಂತೆ ಮೀಡಿಯಾ ಕ್ವೆರಿ ಬಳಸಿ ಕಾಲಂಗಳನ್ನು ಹೆಚ್ಚಿಸಬಹುದು. ದೊಡ್ಡದನ್ನು ಮಾಡಿಟ್ಟು ಕೊನೆಗೆ ಕುಗ್ಗಿಸಲು ಹೊರಟರೆ ಕೆಲಸವೂ ಇಮ್ಮಡಿ, ಫಲವೂ ಅರೆಬರೆ.

2. ವ್ಯೂಪೋರ್ಟ್ ಸಾಲು ಮರೆಯಬೇಡಿ, ಜೂಮ್ ತಡೆಯಬೇಡಿ

2007ರಲ್ಲಿ ಐಫೋನ್ ಬಂದಾಗ ಅದರ ಸಫಾರಿ ಬ್ರೌಸರ್ ಪುಟಗಳನ್ನು 980 ಪಿಕ್ಸೆಲ್ ಅಗಲವಿದ್ದಂತೆ ಬಗೆದು, ಕುಗ್ಗಿಸಿ ತೋರಿಸುತ್ತಿತ್ತು. ಪರದೆಯ ಅಗಲಕ್ಕೆ ಪುಟ ಹೊಂದಿಸು ಎಂದು ಬ್ರೌಸರಿಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಇಲ್ಲದ ಪುಟಕ್ಕೆ ಇಂದಿಗೂ ಅದೇ ಗತಿ: ಇರುವೆಯಂಥ ಅಕ್ಷರ. ಒಂದೇ ಒಂದು ಸಾಲಿನ ಕೋಡ್ ಅದನ್ನು ಸರಿಪಡಿಸುತ್ತದೆ. ಅದೇ ಸಾಲಿನಲ್ಲಿ ಜೂಮ್ ಆಗದಂತೆ ಬೀಗ ಹಾಕುವ ಅಭ್ಯಾಸ ಕೆಲವರಿಗಿದೆ. ಕಣ್ಣು ಮಂಜಾದ ಹಿರಿಯರಿಗೆ ಎರಡು ಬೆರಳಿನಲ್ಲಿ ಹಿಗ್ಗಿಸಿ ಓದುವುದೊಂದೇ ಉಪಾಯ. ದಯವಿಟ್ಟು ಅದನ್ನು ಕಸಿದುಕೊಳ್ಳಬೇಡಿ.

3. ಕನ್ನಡದ ಒತ್ತಕ್ಷರಕ್ಕೆ ಜಾಗ ಕೊಡಿ

ಹೆಚ್ಚಿನ ಕನ್ನಡ ಸೈಟುಗಳು ಎಡವುವುದು ಇಲ್ಲಿಯೇ. ಸಿದ್ಧ ಟೆಂಪ್ಲೇಟುಗಳ ಅಳತೆಗಳೆಲ್ಲ ಇಂಗ್ಲಿಷ್ ಅಕ್ಷರಗಳನ್ನು ನೋಡಿ ಇಟ್ಟವು. ಇಂಗ್ಲಿಷಿನ ಸಾಲು ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿ ಸಾಗುತ್ತದೆ. ನಮ್ಮಲ್ಲಿ ಮೇಲೆ ಗುಣಿತದ ಚಿಹ್ನೆಗಳು, ಕೆಳಗೆ ಒತ್ತುಗಳು. 'ರಾಷ್ಟ್ರ', 'ವೈಶಿಷ್ಟ್ಯ' ಎಂದು ಬರೆದು ನೋಡಿ: ಒಂದು ಒತ್ತಿನ ಜೊತೆ ಮತ್ತೊಂದು ಒತ್ತು ಸೇರುತ್ತದೆ. ಸಾಲಿನ ಎತ್ತರವನ್ನು 1.2ಕ್ಕೆ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗಟ್ಟನ್ನು ತಾಗುತ್ತದೆ. 1.6ರಿಂದ 1.8ರವರೆಗೆ ಇಡಿ. ಅಕ್ಷರದ ಗಾತ್ರ 17–18 ಪಿಕ್ಸೆಲ್ ಇರಲಿ. ಇಂಗ್ಲಿಷಿಗೆ ಸಾಕಾಗುವ 14 ಪಿಕ್ಸೆಲ್‌ನಲ್ಲಿ ನಮ್ಮ ಒತ್ತುಗಳು ಚುಕ್ಕೆಗಳಾಗಿಬಿಡುತ್ತವೆ.

ಬಟನ್‌ಗೆ ಇಷ್ಟೇ ಎತ್ತರ, ಇಷ್ಟೇ ಅಗಲ ಎಂದು ಕಟ್ಟುಹಾಕಬೇಡಿ. ವಿಭಕ್ತಿ, ಸಂಧಿ, ಸಮಾಸಗಳಿಂದ ಕನ್ನಡದ ಪದ ಉದ್ದವಾಗುತ್ತದೆ. 'ನೋಂದಾಯಿಸಿಕೊಳ್ಳಿ', 'ವಿದ್ಯಾರ್ಥಿವೇತನಕ್ಕಾಗಿ' ಎಂಬ ಪದಗಳು ಇಂಗ್ಲಿಷ್ ಬಟನ್‌ಗೆ ಹಿಡಿಸುವುದಿಲ್ಲ; ಪೆಟ್ಟಿಗೆಯೇ ಪದಕ್ಕೆ ತಕ್ಕಂತೆ ಬೆಳೆಯಲಿ. ಶೀರ್ಷಿಕೆ ಉದ್ದವಾಯಿತೆಂದು ಇಷ್ಟು ಅಕ್ಷರಕ್ಕೆ ಕತ್ತರಿಸು ಎಂದು ಪ್ರೋಗ್ರಾಂಗೆ ಹೇಳಿದರೆ ಅದು ಸಂಯುಕ್ತಾಕ್ಷರದ ನಡುವೆಯೇ ಕತ್ತರಿ ಆಡಿಸುತ್ತದೆ. ಪದ ಮುಗಿಯುವಲ್ಲಿ ಮಾತ್ರ ಕತ್ತರಿಸಿ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಯೂನಿಕೋಡ್ ಅಲ್ಲದ ರೂಪದಲ್ಲಿ ಉಳಿದಿರುವ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಪ್ರಕಟಿಸಿ; ಆ ಫಾಂಟ್ ಇಲ್ಲದ ಫೋನಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪುಟದ ಭಾಷೆ ಕನ್ನಡ ಎಂದು ಕೋಡ್‌ನಲ್ಲಿ ನಮೂದಿಸಿ. ಅಂಧರಿಗೆ ಓದಿ ಹೇಳುವ ತಂತ್ರಾಂಶ ಆಗ ಕನ್ನಡದ ದನಿಯನ್ನು ಆರಿಸಿಕೊಳ್ಳುತ್ತದೆ. ಪ್ರಕಟಣೆಯನ್ನು ಚಿತ್ರವಾಗಿಸಿ ಹಾಕುವುದನ್ನು ಬಿಟ್ಟುಬಿಡಿ. ಆ ಚಿತ್ರದೊಳಗಿನ ಅಕ್ಷರ ಪರದೆಗೆ ತಕ್ಕಂತೆ ಹೊಂದಿಕೊಳ್ಳುವುದಿಲ್ಲ, ಪುಟದೊಳಗೆ ಹುಡುಕಿದರೆ ಸಿಗುವುದಿಲ್ಲ.

4. ಫಾಂಟ್ ಭಾರ ಇಳಿಸಿ

ಈಗಿನ ಆಂಡ್ರಾಯ್ಡ್ ಫೋನುಗಳಲ್ಲೂ ಐಫೋನುಗಳಲ್ಲೂ ಕನ್ನಡ ಫಾಂಟ್ ಮೊದಲೇ ಇರುತ್ತದೆ. ಬರಹಕ್ಕೆ ಅದನ್ನೇ ಬಳಸಿದರೆ ಓದುಗರ ಡೇಟಾ ಉಳಿಯುತ್ತದೆ. ಬೇರೆ ಫಾಂಟ್ ಬೇಕೇ ಬೇಕೆಂದರೆ ನೋಟೊ ಸಾನ್ಸ್ ಕನ್ನಡದಂಥದ್ದನ್ನು ವೋಫ್2 ರೂಪದಲ್ಲಿ, ಒಂದೆರಡು ದಪ್ಪಗಳಲ್ಲಿ ಮಾತ್ರ ಕೊಡಿ. ಫಾಂಟ್ ಇಳಿಯುವವರೆಗೆ ಫೋನಿನ ಫಾಂಟಿನಲ್ಲೇ ಬರಹ ಕಾಣುವಂತೆ 'ಸ್ವಾಪ್' ಆಯ್ಕೆ ಹಾಕಿ. ಇನ್ನೊಂದು ಸಂಗತಿ: ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಹಾಗಾಗಿ ಸರ್ವರ್‌ನಲ್ಲಿ ಜಿಜಿಪ್ ಅಥವಾ ಬ್ರಾಟ್ಲಿ ಸಂಕುಚನ ಚಾಲೂ ಇದೆಯೇ ಎಂದು ಖಚಿತ ಮಾಡಿಕೊಳ್ಳಿ.

5. ಫೋಟೊ ಹಾಕುವ ಮುನ್ನ ತೂಕ ನೋಡಿ

ಫೋನಿನಲ್ಲಿ ತೆಗೆದ ಫೋಟೊ ಮೂರು ನಾಲ್ಕು ಎಂಬಿ ಇರುತ್ತದೆ. ಶಾಲಾ ವಾರ್ಷಿಕೋತ್ಸವದ ಇಪ್ಪತ್ತು ಫೋಟೊಗಳನ್ನು ಹಾಗೆಯೇ ಏರಿಸಿದರೆ ಮಲೆನಾಡಿನ ಸಿಗ್ನಲ್‌ನಲ್ಲಿ ಪುಟ ತೆರೆಯುವುದೇ ಇಲ್ಲ. ವೆಬ್‌ಪಿ ಅಥವಾ ಎವಿಐಎಫ್ ರೂಪಕ್ಕೆ ಬದಲಿಸಿ, ಪರದೆಯ ಅಗಲಕ್ಕೆ ತಕ್ಕ ಎರಡು ಮೂರು ಗಾತ್ರಗಳನ್ನು ಒದಗಿಸಿ. ಕೆಳಗಿನ ಫೋಟೊಗಳಿಗೆ, ಓದುಗರು ಹತ್ತಿರ ಬಂದಾಗಷ್ಟೇ ಇಳಿಯುವ 'ಲೇಜಿ ಲೋಡಿಂಗ್' ಇರಲಿ, ಪುಟದ ಮೊದಲ ಫೋಟೊಗೆ ಬೇಡ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಬೆರಳು ತಾಗಿಸಿದರೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು ಎಂಬುದು ಗೂಗಲ್ಲಿನ ಕೋರ್ ವೆಬ್ ವೈಟಲ್ಸ್ ಮಾನದಂಡ. ಈ ಗುರಿಗಳನ್ನು ಗೋಡೆಗೆ ಅಂಟಿಸಿಕೊಳ್ಳಿ.

6. ಪುಟ ಜಿಗಿಯದಿರಲಿ

ಓದುತ್ತಿರುವಾಗ ಮೇಲೆಲ್ಲೋ ಜಾಹೀರಾತು ತೆರೆದುಕೊಂಡು ಸಾಲು ಕೆಳಗೆ ಸರಿದರೆ ಓದುಗ ಬೇಡದ್ದನ್ನು ಒತ್ತಿಬಿಡುತ್ತಾನೆ. ಪ್ರತಿ ಚಿತ್ರಕ್ಕೂ ಉದ್ದ-ಅಗಲ ಬರೆಯಿರಿ, ಜಾಹೀರಾತಿಗೆ ಮೊದಲೇ ಜಾಗ ಬಿಡಿ.

7. ಬಟನ್ ಹೆಬ್ಬೆರಳಿಗೆ ಸಿಗಲಿ

ಮೊಬೈಲ್ ವಿನ್ಯಾಸಕ ಸ್ಟೀವನ್ ಹೂಬರ್ 2013ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ 1,333 ಜನ ಫೋನ್ ಹಿಡಿಯುವ ಬಗೆಯನ್ನು ಗಮನಿಸಿದಾಗ, ಪರದೆ ಮುಟ್ಟಿ ಬಳಸುತ್ತಿದ್ದವರಲ್ಲಿ ಶೇ. 49ರಷ್ಟು ಮಂದಿ ಒಂದೇ ಕೈಯಲ್ಲಿ ಬಳಸುತ್ತಿದ್ದರು. ನಮ್ಮ ಬಸ್ಸುಗಳಲ್ಲಿ ಒಂದು ಕೈ ಕಂಬಿ ಹಿಡಿದು ನಿಂತವರನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಮುಖ್ಯ ಬಟನ್ ಪರದೆಯ ಕೆಳಭಾಗದಲ್ಲಿರಲಿ. ಆಪಲ್ ಹೇಳುವ ಕನಿಷ್ಠ ಅಳತೆ 44 ಪಾಯಿಂಟ್, ಗೂಗಲ್ಲಿನ ಮಟೀರಿಯಲ್ ಡಿಸೈನ್ ಹೇಳುವುದು 48 ಡಿಪಿ. ವೆಬ್ ಎಲ್ಲರಿಗೂ ದಕ್ಕುವಂತೆ ಮಾಡುವ ಮಾರ್ಗಸೂಚಿಯಾಗಿ 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಕನಿಷ್ಠ 24 ಪಿಕ್ಸೆಲ್ ಎನ್ನುತ್ತದಾದರೂ, ದುಡಿದು ದಪ್ಪಗಾದ ಬೆರಳುಗಳಿಗೆ 48 ಇಡುವುದೇ ಸರಿ. ಮೌಸ್ ತಂದು ನಿಲ್ಲಿಸಿದಾಗ ಮಾತ್ರ ತೆರೆಯುವ ಮೆನು ಬೇಡ, ಮೊಬೈಲಿನಲ್ಲಿ ಮೌಸ್ ಇಲ್ಲ. ಫೋನ್ ನಂಬರ್ ಒತ್ತಿದರೆ ನೇರ ಕರೆ ಹೋಗಬೇಕು.

8. ಅರ್ಜಿ ತುಂಬುವವರ ತಾಳ್ಮೆ ಕೆಡಿಸಬೇಡಿ

ಮೊಬೈಲ್ ನಂಬರ್, ಪಿನ್‌ಕೋಡ್ ಕೇಳುವಲ್ಲಿ ಅಂಕಿಗಳ ಕೀಬೋರ್ಡೇ ತೆರೆಯಲಿ. ತುಂಬುವ ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನಿನ ಸಫಾರಿ ತಾನಾಗಿ ಜೂಮ್ ಆಗಿ ಪುಟ ಪಕ್ಕಕ್ಕೆ ಸರಿಯುತ್ತದೆ. ನಂಬರಿನಲ್ಲಿ ಸ್ಪೇಸ್ ಇದ್ದರೆ, +91 ಇದ್ದರೆ ಅದನ್ನು ತೆಗೆಯುವುದು ಪ್ರೋಗ್ರಾಂನ ಕೆಲಸ, ಬಳಸುವವರದ್ದಲ್ಲ.

ಹೆಸರಿನ ವಿಷಯದಲ್ಲಿ ನಮ್ಮ ಜನರಿಗೆ ಆಗುವ ಕಿರಿಕಿರಿ ಹೇಳತೀರದು. ಕರ್ನಾಟಕದಲ್ಲಿ ಎಷ್ಟೋ ಮಂದಿಗೆ ಇರುವುದು ಒಂದೇ ಹೆಸರು, ಜೊತೆಗೆ ಊರಿನದೋ ತಂದೆಯದೋ ಇನಿಷಿಯಲ್. 'ಕೊನೆಯ ಹೆಸರು ಕಡ್ಡಾಯ' ಎಂದರೆ ಅವರು ಏನು ತುಂಬಬೇಕು? ಒಂದೇ ಪೆಟ್ಟಿಗೆಯಲ್ಲಿ ಪೂರ್ಣ ಹೆಸರು ಕೇಳಿ, ಕನ್ನಡ ಅಕ್ಷರವನ್ನೂ ಚುಕ್ಕೆಯನ್ನೂ ಒಪ್ಪಿಕೊಳ್ಳಿ.

ಒಟಿಪಿ ಘಟ್ಟದಲ್ಲಿ ಇನ್ನೂ ಎಚ್ಚರ ಬೇಕು. ಕಡಿಮೆ ರ‍್ಯಾಮ್‌ನ ಫೋನಿನಲ್ಲಿ ಸಂದೇಶ ನೋಡಲು ಹೊರಹೋಗಿ ಬರುವಷ್ಟರಲ್ಲಿ ಬ್ರೌಸರ್ ಪುಟವನ್ನು ಮತ್ತೆ ಮೊದಲಿನಿಂದ ತೆರೆಯುವುದುಂಟು. ಅರ್ಧ ಗಂಟೆ ತುಂಬಿದ್ದೆಲ್ಲ ಮಾಯ. ತುಂಬಿದ್ದನ್ನು ಹಂತಹಂತವಾಗಿ ಉಳಿಸಿಡಿ, ಸಿಗ್ನಲ್ ಹೋದರೂ ಉಳಿಯುವಂತೆ ಮಾಡಿ.

9. ಪಿಡಿಎಫ್ ಒಂದನ್ನೇ ನೆಚ್ಚಬೇಡಿ

ಎ4 ಹಾಳೆಯ ಸ್ಕ್ಯಾನ್ ಪ್ರತಿಯನ್ನು ಮೊಬೈಲಿನಲ್ಲಿ ಎಡಕ್ಕೂ ಬಲಕ್ಕೂ ಎಳೆದು ಓದುವುದು ಶಿಕ್ಷೆ. ಮುಖ್ಯ ವಿಷಯ, ಕೊನೆಯ ದಿನಾಂಕ, ಬೇಕಾದ ದಾಖಲೆಗಳನ್ನು ಪುಟದಲ್ಲೇ ಬರೆದು, ಪಿಡಿಎಫ್ ಅನ್ನು ಅದರ ಕೆಳಗೆ ಇಡಿ. ಎಷ್ಟು ಎಂಬಿ ಎಂಬುದನ್ನೂ ನಮೂದಿಸಿ.

10. ಬಿಸಿಲಲ್ಲಿ ನೋಡಿ

ತಿಳಿಬೂದು ಅಕ್ಷರ ಎಸಿ ಕೋಣೆಯಲ್ಲಿ ಚೆಂದ, ಹೊಲದಲ್ಲಿ ಕಾಣುವುದೇ ಇಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಲಿ.

11. ಅಗ್ಗದ ಫೋನಿನಲ್ಲಿ ಪರೀಕ್ಷಿಸಿ

ಕ್ರೋಮ್ ಬ್ರೌಸರಿನ ಡೆವಲಪರ್ ಸಲಕರಣೆಯಲ್ಲಿ ಫೋನಿನ ಅಳತೆಯನ್ನೂ ನಿಧಾನಗತಿಯ ನೆಟ್‌ವರ್ಕನ್ನೂ ಅನುಕರಿಸಬಹುದು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಉಚಿತವಾಗಿ ಅಂಕ ಕೊಡುತ್ತದೆ. ಗೂಗಲ್ 2016ರಲ್ಲಿ ಘೋಷಿಸಿ 2023ರಲ್ಲಿ ಪೂರೈಸಿದ ಬದಲಾವಣೆಯಂತೆ, ಹುಡುಕಾಟಕ್ಕೆ ಅದು ಓದಿಕೊಳ್ಳುವುದೂ ನಿಮ್ಮ ಪುಟದ ಮೊಬೈಲ್ ರೂಪವನ್ನೇ. ಆದರೂ ಇವೆಲ್ಲ ಅರ್ಧ ಪರೀಕ್ಷೆ. ಮೂರು ನಾಲ್ಕು ವರ್ಷ ಹಳೆಯದಾದ, ಮೆಮೊರಿ ತುಂಬಿರುವ, ಗಾಜು ಬಿರುಕು ಬಿಟ್ಟ ಫೋನೊಂದನ್ನು ಹುಡುಕಿ, ವೈಫೈ ಆಫ್ ಮಾಡಿ ಸೈಟ್ ತೆರೆಯಿರಿ. ಅದನ್ನು ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು ಒಂದು ಕೆಲಸ ಹೇಳಿ: ದರ ಹುಡುಕಲಿ, ಅರ್ಜಿ ತುಂಬಲಿ. ನಡುವೆ ಬಾಯಿ ಹಾಕಬೇಡಿ. ಅವರ ಬೆರಳು ಎಲ್ಲಿ ತಡವರಿಸುತ್ತದೋ ಬರೆದಿಟ್ಟುಕೊಂಡು, ತಿದ್ದುವ ಕೆಲಸವನ್ನು ಅಲ್ಲಿಂದಲೇ, ಇಂದೇ ಶುರು ಮಾಡಿ.