ಶರೀರದ ಬಲದಂಡೆ, ಎಡದಂಡೆ

ಶರೀರಶಾಸ್ತ್ರದ ಗ್ರಂಥವನ್ನು ತೆರೆದವರಿಗೆ ಮೊದಮೊದಲು ಕಾಣುವದು ಒಬ್ಬ ಮನುಷ್ಯನ ಚಿತ್ರ. ಅವನು ನೆಟ್ಟಗೆ ನಿಂತು ನಮ್ಮ ಕಡೆಗೆ ನೋಡುತ್ತಿರುವನು. ಕೈಗಳು ಮಗ್ಗುಲಲ್ಲಿ ಇಳಿಬಿದ್ದು ಅಂಗೈಗಳು ಮುಂದಕ್ಕೆ ತಿರುಗಿರುವವು. ಹೀಗೆ ಯಾರು ನಿಲ್ಲುವರೆಂದು ಬಾಲಕಿಯರು ನಗುವದುಂಟು. ಆ ನಗೆಯು ನ್ಯಾಯವಾದದ್ದೇ. ಆದರೆ ಅಂಗೈಯನ್ನು ಹಿಂದಕ್ಕೆ ತಿರುಗಿಸಿದೊಡನೆ ಮುಂಗೈಯ ಎರಡು ಎಲುಬುಗಳಲ್ಲಿ ಒಂದು ಇನ್ನೊಂದರ ಮೇಲೆ ಅಡ್ಡವಾಗುವದು; ಅಂಗೈ ಮುಂದಿದ್ದರೆ ಎರಡೂ ಜೋಡಾಗಿ ನಿಲ್ಲುವವು. ರೋಗಿಯು ಕುಳಿತಿರಲಿ, ಮಲಗಿರಲಿ, ಅವನ ಅಂಗಗಳ ದಿಕ್ಕನ್ನು ಹೇಳುವಾಗ ಈ ನಿಲುವಿನಲ್ಲಿಯೇ ಇರುವನೆಂದು ಭಾವಿಸತಕ್ಕದ್ದು. ಅಂಗಾತ ಮಲಗಿದವನ ಎದೆಯು ಆಕಾಶದ ಕಡೆಗಿದ್ದರೂ ಅದು ಮೇಲಣ ಭಾಗವಲ್ಲ, ಮುಂದಣ ಭಾಗ. ಬೋರಲು ಮಲಗಿದವನ ಬೆನ್ನು ಹಿಂದಣ ಭಾಗವೇ.

ಹೆಚ್ಚಿನವರು ತಪ್ಪುವದು ಬಲ ಎಡಗಳಲ್ಲಿ. ಚಿತ್ರವು ನಮಗೆ ಎದುರಾಗಿರುವದರಿಂದ ಅದರ ಬಲಗೈಯು ನಮ್ಮ ಎಡಕ್ಕೆ ಬೀಳುತ್ತದೆ. ನಿಯಮವೇನೆಂದರೆ, ಬಲವೂ ಎಡವೂ ಶರೀರವುಳ್ಳವನದು, ನೋಡುವವನದಲ್ಲ. ರಾಯಚೂರು ಸೀಮೆಯವರಿಗೆ ಇದು ಹೊಸ ಮಾತಾಗಬಾರದು. ನದಿಯು ಹರಿಯುವ ಕಡೆಗೆ ಮುಖಮಾಡಿದರೆ ಬಲಗೈಗೆ ಬರುವದೇ ಬಲದಂಡೆ. ಯಾವ ದಡದಿಂದ ನೋಡಿದರೂ ಅದು ಬದಲಾಗದು. ಮಾನ್ವಿಯ ಹೊಲಗಳಿಗೆ ನೀರು ಬರುವದು ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ. ದೇವದುರ್ಗದ ಹೊಲಗಳಿಗೆ ಕೃಷ್ಣೆಯ ನಾರಾಯಣಪುರ ಬಲದಂಡೆಯ ಕಾಲುವೆಯಿಂದ. ಎರಡೂ ತಾಲ್ಲೂಕುಗಳು ಎರಡು ನದಿಗಳ ನಡುವಣ ಒಂದೇ ನೆಲದಲ್ಲಿದ್ದರೂ ಹೆಸರಿನಲ್ಲಿ ಒಂದು ಎಡವಾಯಿತು, ಒಂದು ಬಲವಾಯಿತು. ಹೊಲದವರು ಇದರಲ್ಲಿ ಎಂದೂ ತಪ್ಪುವದಿಲ್ಲ.

ಕಾಲುವೆಯು ಇನ್ನೊಂದನ್ನೂ ಕಲಿಸುವದು. ಕನ್ನಡದಲ್ಲಿ ಭುಜದಿಂದ ಬೆರಳಿನ ವರೆಗೂ ಕೈಯೇ, ತೊಡೆಯಿಂದ ಹಿಮ್ಮಡಿಯ ವರೆಗೂ ಕಾಲೇ. ಆದಕಾರಣ ಶಾಸ್ತ್ರವು ಮುಂಡಕ್ಕೆ ಹತ್ತಿರವಾದದ್ದನ್ನು ಸಮೀಪಸ್ಥವೆಂದೂ ದೂರವಾದದ್ದನ್ನು ದೂರಸ್ಥವೆಂದೂ ಹೇಳುವದು. ಕಾಲುವೆಯ ಮೇಲ್ಭಾಗ, ಕೊನೆಭಾಗ ಎಂದ ಹಾಗೆಯೇ. ಕೈಯನ್ನು ತಲೆಯ ಮೇಲಕ್ಕೆತ್ತಿದರೂ ಮಣಿಕಟ್ಟು ಮೊಣಕೈಗಿಂತ ದೂರಸ್ಥವೇ. ಮೂಗಿನಿಂದ ಹೊಕ್ಕುಳದ ಮೇಲೆ ಎಳೆದ ಮಧ್ಯರೇಖೆಗೆ ಹತ್ತಿರವಾದದ್ದು ಒಳಮಗ್ಗುಲು, ದೂರವಾದದ್ದು ಹೊರಮಗ್ಗುಲು. ಈ ಎಣಿಕೆಯಲ್ಲಿ ಕಿರುಬೆರಳು ಒಳಗಿನದು, ಹೆಬ್ಬೆರಳು ಹೊರಗಿನದು; ನಂಬದಿದ್ದವರು ಅಂಗೈ ಮುಂದೆಮಾಡಿ ನಿಂತು ನೋಡಲಿ.

ಹಿಂದೆ ಒಂದೇ ಅಂಗಕ್ಕೆ ನಾನಾ ಹೆಸರುಗಳಿದ್ದವು. 1895ರಲ್ಲಿ ಬಾಸೆಲ್ ಪಟ್ಟಣದಲ್ಲಿ ಕೂಡಿದ ಶಾಸ್ತ್ರಜ್ಞರು ಸುಮಾರು 50,000 ಹೆಸರುಗಳನ್ನು ಸುಮಾರು 5,500ಕ್ಕೆ ಇಳಿಸಿದರು. ಅದೇ ಪಟ್ಟಣದ ಮಿಷನ್ನಿನವರು ಅದರ ಹಿಂದಿನ ವರುಷವೇ ಮಂಗಳೂರಿನಲ್ಲಿ ಕಿಟ್ಟೆಲರ ಕನ್ನಡ ನಿಘಂಟನ್ನು ಪ್ರಕಟಿಸಿದ್ದರು. ನಮ್ಮ ಮನೆಮಾತುಗಳೇನೂ ಬಡವಲ್ಲ. ಕಿಬ್ಬೊಟ್ಟೆ, ಪಕ್ಕೆ, ತೊಡೆಸಂದು, ಹೆಕ್ಕತ್ತು, ಮೀನಖಂಡ, ಇವೆಲ್ಲ ಗೊತ್ತಾದ ಸ್ಥಳಗಳ ಹೆಸರುಗಳು. ಅವನ್ನು ಬಿಟ್ಟು ಎಲ್ಲವನ್ನೂ ಹೊಟ್ಟೆಯೆಂದೇ ಹೇಳುವದು ನಮ್ಮ ತಪ್ಪು.

ಹೊಟ್ಟೆಯ ಭಾಗಗಳಂತೂ ಪ್ರತಿಯೊಬ್ಬ ತಾಯಿಯೂ ತಿಳಿಯತಕ್ಕವು. ಹೊಕ್ಕುಳದ ಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆಯನ್ನೆಳೆದರೆ ನಾಲ್ಕು ಪಾಲುಗಳಾಗುವವು. ಬಲದ ಮೇಲ್ಪಾಲಿನಲ್ಲಿ ಯಕೃತ್ತಿನ ಹೆಚ್ಚಿನ ಭಾಗ, ಎಡದ ಮೇಲ್ಪಾಲಿನಲ್ಲಿ ಗುಲ್ಮವೂ ಜಠರದ ಹೆಚ್ಚಿನ ಭಾಗವೂ. ಬಲದ ಕೆಳಪಾಲಿನಲ್ಲಿ ಸಾಮಾನ್ಯವಾಗಿ ಅಪೆಂಡಿಕ್ಸ್ ಎಂಬ ಚಿಕ್ಕ ಕರುಳಬಾಲವಿರುವದು. ಅದು ಬಾತಾಗ ನೋವು ಅನೇಕ ವೇಳೆ ಹೊಕ್ಕುಳದ ಸುತ್ತ ಮೊದಲಾಗಿ, ಕೆಲವು ತಾಸುಗಳ ಮೇಲೆ ಬಲದ ಕೆಳಗೆ ಸರಿದು ನಿಲ್ಲುವದು. ಟೊಂಕದ ಎಲುಬಿನ ಮುಂದಣ ಮೊನೆಯಿಂದ ಹೊಕ್ಕುಳಕ್ಕೆ ಗೆರೆಯೆಳೆದು, ಮೊನೆಯಿಂದ ಮೂರರಲ್ಲೊಂದು ಪಾಲಿನಷ್ಟು ಬಂದರೆ ಸಿಕ್ಕುವ ಸ್ಥಳದಲ್ಲಿ ಒತ್ತಿದರೆ ನೋವು ಹೆಚ್ಚೆಂದು ನ್ಯೂಯಾರ್ಕಿನ ವೈದ್ಯ ಚಾರ್ಲ್ಸ್ ಮೆಕ್‌ಬರ್ನಿಯವರು 1889ರಲ್ಲಿ ಬರೆದರು. ಆದರೆ ಆ ಪರೀಕ್ಷೆ ವೈದ್ಯರ ಕೆಲಸ. ಮನೆಯಲ್ಲಿ ಹೊಟ್ಟೆಯನ್ನು ಒತ್ತುವದೂ ತಿಕ್ಕುವದೂ ಬೇಡ.

ದೇವದುರ್ಗದ ಯಾವದಾದರೂ ಹಳ್ಳಿಯಿಂದ ತಾಯಿಯೊಬ್ಬಳು ರಾತ್ರಿಯಲ್ಲಿ ರಾಯಚೂರಿನ ವೈದ್ಯರಿಗೆ ದೂರವಾಣಿಯಲ್ಲಿ ಹೇಳುವಳೆಂದು ಎಣಿಸಿರಿ. ಮಗಳು ಎದುರಿಗೆ ಮಲಗಿರುವಳು; ತಾಯಿಯು ತನ್ನ ಕೈಯನ್ನು ನೋಡಿಕೊಂಡು ‘ಎಡಕ್ಕೆ ನೋವು ರೀ’ ಅನ್ನುವಳು. ವೈದ್ಯರು ಬೇರೊಂದು ರೋಗವನ್ನು ಎಣಿಸಬಹುದು, ಬೆಳಗಿನ ಬಸ್ಸಿಗೆ ಬನ್ನಿರೆಂದೂ ಹೇಳಬಹುದು. ಬಾತ ಕರುಳಬಾಲವು ಒಡೆದರೆ ಕೀವು ಹೊಟ್ಟೆಯೊಳಗೆ ಹರಡಿ ಪ್ರಾಣಕ್ಕೇ ಅಪಾಯ. ಮಗುವು ಊಟಮಾಡುವ ಕೈಯನ್ನು ಮೊದಲು ಹಿಡಿದುಕೊಂಡು, ‘ಈ ಕೈಯ ಕಡೆಗೆ, ಹೊಕ್ಕುಳಕ್ಕಿಂತ ಕೆಳಗೆ’ ಎಂದು ಹೇಳಿದರೆ ಸಾಕು.